ತಣ್ಣೀರಿನ ಬಟ್ಟಲು ಪಕ್ಕಕ್ಕಿಟ್ಟ ಮೇಲೆ

ಕಾಯಿಲೆಯ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ: ಕುಷ್ಠ. ಹೆಸರು ಕಂಡ ಕೂಡಲೇ ಓದುವವರು ಪುಸ್ತಕವನ್ನು ಸ್ವಲ್ಪ ದೂರ ಹಿಡಿಯುತ್ತಾರೆ ಅಂತ ನನಗೆ ಗೊತ್ತು. ಹಿಡಿಯಲಿ. ನನ್ನ ಕೈಯನ್ನೇ ನಾನು ಹಾಗೆ ದೂರ ಹಿಡಿದು ನೋಡಿದವಳು. ವಾಸಿಯಾಗಿ ಎಷ್ಟೋ ವರ್ಷವಾಯಿತು. ಎಡಗೈಯ ಎರಡು ಬೆರಳು ಬಾಗಿವೆ, ಅಷ್ಟೇ. ಹೂ ಕಟ್ಟುತ್ತೇನೆ, ರೊಟ್ಟಿ ತಟ್ಟುತ್ತೇನೆ, ಜಪಸರ ಹಿಡಿಯುತ್ತೇನೆ.

ಇಷ್ಟು ದಿನ ಬರೆಯದವಳು ಈಗ ಬರೆಯಲು ಕಾರಣ ಒಬ್ಬ ಹೆಂಗಸು. ಈಚೆಗೆ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದೆ ನನ್ನನ್ನು ಕರೆದು, ಸೆರಗು ಸರಿಸಿ, ತೋಳು ತೋರಿಸಿದಳು. ಅವಳ ಮುಖದಲ್ಲಿದ್ದ ಭಯ ನನಗೆ ಚೆನ್ನಾಗಿ ಪರಿಚಯದ್ದು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆದರೆ ಭಯಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವುದಿಲ್ಲವಲ್ಲ. ಅದಕ್ಕೇ ಇದು.

ನಾನು ಲೂರ್ದಮ್ಮ. ಹುಟ್ಟಿದ್ದು ಕನಕಪುರದ ಕಡೆಯ ಒಂದು ಕ್ರೈಸ್ತರ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ರಾಮನಗರಕ್ಕೆ. ನಮ್ಮ ಯಜಮಾನರು ಚೌರಪ್ಪ, ಕಲ್ಲು ಕ್ವಾರಿಯ ಲಾರಿ ಓಡಿಸುತ್ತಿದ್ದರು. ಒಬ್ಬಳೇ ಮಗಳು ಸ್ಟೆಲ್ಲಾ. ನಾನು ಖಲೀಲ್ ಸಾಬರ ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕಿದ್ದೆ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತಿದ್ದೆ. ಹತ್ತನೇ ಕ್ಲಾಸು ಪಾಸಾದವಳು ಅಂತ ಆ ಗೌರವ ಸಿಕ್ಕಿತ್ತು, ನಾಲಿಗೆ ಉದ್ದ ಅಂತಲೂ ಇರಬಹುದು.

ಫಿಲೇಚರಿನಲ್ಲಿ ಒಬ್ಬೊಬ್ಬರ ಮುಂದೆಯೂ ಒಂದೊಂದು ಬಿಸಿನೀರಿನ ತೊಟ್ಟಿ. ಬೆಂದ ಗೂಡುಗಳು ಅದರಲ್ಲಿ ತೇಲುತ್ತಿರುತ್ತವೆ. ಬೆರಳದ್ದಿ ಎಳೆಯ ತುದಿ ಹುಡುಕಬೇಕು, ಕೆಲವು ಎಳೆ ಸೇರಿಸಿ ರಾಟೆಗೆ ಹತ್ತಿಸಬೇಕು, ಹರಿದರೆ ಮತ್ತೆ ಅದ್ದಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ. ಕೈ ಸುಡುತ್ತದೆ ಅಂತ ಯಾರೂ ಕೆಲಸ ಬಿಡುವುದಿಲ್ಲ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಂಡು, ತೊಟ್ಟಿಗೊಮ್ಮೆ ಬಟ್ಟಲಿಗೊಮ್ಮೆ ಬೆರಳು ಅದ್ದುತ್ತಾರೆ. ಬಟ್ಟಲಿಲ್ಲದೆ ಕೂತ ಹೆಂಗಸನ್ನು ನಾನು ಕಂಡಿರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಜನ ಏನಾದರೊಂದನ್ನು ಬಿಡುತ್ತಾರೆ. ಚೌರಪ್ಪ ಬೀಡಿ ಬಿಡುತ್ತಿದ್ದರು, ಈಸ್ಟರ್ ದಿನ ಪೂಜೆಗೆ ಹೋಗುವ ಮುಂಚೆಯೇ ಮತ್ತೆ ಹಚ್ಚುತ್ತಿದ್ದರು. ನಾನು ಮಾಂಸ ಬಿಡೋಣವೆಂದರೆ ನಮ್ಮ ಮನೆಗೆ ಮಾಂಸ ಬರುತ್ತಿದ್ದದ್ದೇ ಹಬ್ಬಕ್ಕೆ. ಹಾಗಾಗಿ ಒಂದು ವರ್ಷ ತಣ್ಣೀರಿನ ಬಟ್ಟಲನ್ನು ಬಿಟ್ಟೆ. ಪಕ್ಕಕ್ಕೆ ಕವುಚಿಟ್ಟು, ಸುಡುವ ಕೈಯನ್ನು ಹಾಗೇ ದೇವರಿಗೆ ಒಪ್ಪಿಸಿದೆ. ಯಾಕಕ್ಕ ಅಂತ ಪಕ್ಕದ ತೊಟ್ಟಿಯವರು ಕೇಳಿದರು. ಸುಮ್ಮನೆ ಅಂದೆ. ಆದರೆ ಇನ್ನೊಂದು ಸಲ ಕೇಳುವ ಹಾಗೆ ಅಂದೆ.

ಮೊದಲ ವರ್ಷ ಪ್ರಾಣ ಹೋಗುವಷ್ಟು ಉರಿಯಿತು. ಮರುವರ್ಷವೂ ಉರಿಯಿತು. ಅದರ ಮುಂದಿನ ವರ್ಷ ತಪಸ್ಸು ಕಾಲದ ನಡುವೆ ಒಂದು ದಿನ ಎಡಗೈಯ ಉರಿ ನಿಂತುಹೋಯಿತು. ನೀರು ಕುದಿಯುತ್ತಲೇ ಇತ್ತು, ಪಕ್ಕದವರು ಬೆರಳಿಗೆ ಗಾಳಿ ಊದಿಕೊಳ್ಳುತ್ತಲೇ ಇದ್ದರು, ನನ್ನ ಬೆರಳಿಗೆ ಮಾತ್ರ ಏನೂ ಇಲ್ಲ. ಆ ಹಬೆಯ ನಡುವೆ ಕೂತು ಸಂತೋಷಕ್ಕೆ ಅತ್ತೆ. ನನ್ನ ಕಾಣಿಕೆಯನ್ನು ದೇವರು ಎತ್ತಿಕೊಂಡ ಅಂತ ನಂಬಿದೆ. ಬೇರೆ ಯಾವ ಊರಿನಲ್ಲಾದರೂ, ಬೇರೆ ಯಾವ ಕಸುಬಿನಲ್ಲಾದರೂ ಇಂಥ ತಪ್ಪು ಆಗುತ್ತಿತ್ತೋ ಇಲ್ಲವೋ. ಬಿಸಿನೀರಿನಲ್ಲಿ ಕೈಯಿಟ್ಟು ಬದುಕುವವರಿಗೆ ಕೈ ಸುಡದಿರುವುದಕ್ಕಿಂತ ದೊಡ್ಡ ವರ ಯಾವುದಿದೆ?

ಸುದ್ದಿ ಹರಡಿತು. ನಾನೇನೂ ಸಾರಿ ಹೇಳಲಿಲ್ಲ, ತಡೆಯಲೂ ಇಲ್ಲ. ಜ್ವರದ ಮಕ್ಕಳನ್ನು ಕರೆತಂದು, ತಲೆ ಮೇಲೆ ಒಸಿ ಕೈ ಇಡಕ್ಕ ಅನ್ನುವವರು ಬಂದರು. ಇಟ್ಟೆ. ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಕೆಲವರ ಜ್ವರ ಬಿಟ್ಟಿತು, ಜ್ವರ ಸಾಮಾನ್ಯವಾಗಿ ಬಿಡುತ್ತದೆ. ಸಾಬರ ಹೆಂಡತಿ ಶಮೀಮ್ ಬೀ ಕೂಡ ಮೊಮ್ಮಗಳನ್ನು ತಂದು ಮುಂದೆ ನಿಲ್ಲಿಸಿದರು. ಒಡತಿಯೇ ಬಂದು ನನ್ನ ಮುಂದೆ ನಿಂತಾಗ ಎದೆ ಉಬ್ಬದೆ ಇರುತ್ತದೆಯೇ?

ಈಸ್ಟರ್ ಕಳೆಯಿತು, ಬಟ್ಟಲನ್ನು ಮತ್ತೆ ತುಂಬಿಟ್ಟುಕೊಂಡೆ. ಬೆರಳು ಅದ್ದಿದಾಗ ತಣ್ಣಗೆ ಅನ್ನಿಸಲಿಲ್ಲ. ಇನ್ನೊಮ್ಮೆ ಅದ್ದಿದೆ. ಬಿಸಿ ಗೊತ್ತಾಗದಿದ್ದರೆ ಪವಾಡ ಅನ್ನೋಣ, ತಣ್ಣಗಿರುವುದೂ ಗೊತ್ತಾಗದಿದ್ದರೆ ಏನನ್ನುವುದು? ಅವತ್ತಿನಿಂದ ಶುರುವಾದ ಭಯ ಒಂದೂವರೆ ವರ್ಷ ನನ್ನನ್ನು ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ. ಪವಾಡದ ಕೈಯವಳು ಹೋಗಿ ಕೈ ಸರಿಯಿಲ್ಲ ಅನ್ನುವುದು ಹೇಗೆ? ಮಕ್ಕಳನ್ನು ಕರೆತಂದವರಿಗೆ ಏನೇನೋ ನೆಪ ಹೇಳಿ ಕಳಿಸತೊಡಗಿದೆ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ನನ್ನ ತೊಟ್ಟಿಯ ನೀರು ಕೆಂಪಗಾಯಿತು. ಬೆರಳಿನ ಬೊಕ್ಕೆ ಒಡೆದು ರಕ್ತ ಸೋರುತ್ತಿತ್ತು, ನನಗೆ ಗೊತ್ತಿರಲಿಲ್ಲ. ನೂಲಿಗೆ ಬಣ್ಣ ಹತ್ತಿದ ಮೇಲೆ ಶಮೀಮ್ ಬೀ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ನನ್ನನ್ನು ಒಳಮನೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಮ್ ಚಾಚಾಗೆ ಹಿಂಗೇ ಆಗಿತ್ತು ಲೂರ್ದಮ್ಮ. ಇದ್ರ ಹೆಸ್ರು ನಾನು ಹೇಳಲ್ಲ. ನಾಳೆನೇ ಆಸ್ಪತ್ರೆಗೆ ಹೋಗು."

ಅವರು ಹೇಳದೆ ಬಿಟ್ಟ ಹೆಸರನ್ನು ನಾನು ಮನಸ್ಸಿನಲ್ಲಿ ಹೇಳಿಕೊಂಡೆ.

ರಾಮನಗರದ ಆಸ್ಪತ್ರೆಗೆ ಹೋದರೆ ಯಾರಾದರೂ ಗುರುತಿನವರು ಸಿಗುತ್ತಾರೆ ಅಂತ ಚನ್ನಪಟ್ಟಣದ ಬಸ್ಸು ಹತ್ತಿದೆ. ಆಗ ಮೈಸೂರು ರಸ್ತೆ ಅಗಲ ಮಾಡುತ್ತಿದ್ದರು. ಉದ್ದಕ್ಕೂ ಮರ ಉರುಳಿಸಿದ್ದರು, ಬಸ್ಸಿನೊಳಗೆಲ್ಲ ಕೆಂಪು ಧೂಳು. ಕೆಂಗಲ್ ಬಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗಿ ಆಂಜನೇಯನಿಗೆ ಕೈ ಮುಗಿದರು. ನನ್ನ ಕೈಯೂ ಮೇಲೆದ್ದಿತು. ಭಯಕ್ಕೆ ಜಾತಿ ಎಲ್ಲಿಯದು. ಎದ್ದ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಂಡೆ, ಪಕ್ಕದ ಮುದುಕಿ ಪಿಳಿಪಿಳಿ ನೋಡಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಬೊಂಬೆ ಕೆಲಸದವನೊಬ್ಬ ಕೂತಿದ್ದ. ಉಗುರುಸಂದಿಯಲ್ಲೆಲ್ಲ ಅರಗಿನ ಹಳದಿ, ಕೆಂಪು. ಏನಾಗೈತೆ ಅಂತ ಕೇಳಿದ. ಕಜ್ಜಿ ಅಂದೆ. ನನಗೂ ಕಜ್ಜಿನೇ ಅಂತ ಖುಷಿಯಿಂದ ಮೊಣಕೈ ತೋರಿಸಿ ಹತ್ತಿರ ಸರಿದು ಕೂತ. ನಾನು ಬೆಂಚಿನ ತುದಿಗೆ ಸರಿದೆ. ಅವನು ಇನ್ನೂ ಸರಿದ. ಇನ್ನೊಂದು ಗೇಣು ಸರಿದಿದ್ದರೆ ಕೆಳಗೆ ಬೀಳುತ್ತಿದ್ದೆ. ಆ ಹೊತ್ತಿಗೆ ನನ್ನ ಹೆಸರು ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿಸಿ, ಹತ್ತಿಯ ತುದಿಯಿಂದ ಮುಟ್ಟುತ್ತೇನೆ, ಮುಟ್ಟಿದ ಜಾಗ ತೋರಿಸಿ ಅಂದರು. ಒಂದೆರಡು ಸಲ ತೋರಿಸಿದೆ. ಆಮೇಲೆ ಬಹಳ ಹೊತ್ತು ಅವರು ಮುಟ್ಟಲೇ ಇಲ್ಲ. ಯಾಕೆ ನಿಲ್ಲಿಸಿದರು ಅಂತ ಕಣ್ಣು ಬಿಟ್ಟು ನೋಡಿದರೆ ಹತ್ತಿ ನನ್ನ ಅಂಗೈಯ ಮೇಲೇ ಓಡಾಡುತ್ತಿತ್ತು. ಅದನ್ನು ನೋಡಿದ ಕ್ಷಣದಷ್ಟು ನಾನು ಯಾವತ್ತೂ ಹೆದರಿಲ್ಲ. ನನ್ನ ಕೈ ನನ್ನದಾಗಿರಲಿಲ್ಲ.

ಅವರು ಹೆಸರು ಹೇಳಿದರು. ಮಾತ್ರೆ ಇದೆ, ಪುಕ್ಕಟೆ ಕೊಡುತ್ತೇವೆ, ಪೂರ್ತಿ ವಾಸಿಯಾಗುತ್ತದೆ, ಇನ್ನೂ ತಡ ಮಾಡಿದ್ದರೆ ಬೆರಳು ಹೋಗುತ್ತಿತ್ತು ಅಂತೆಲ್ಲ ಹೇಳಿದರಂತೆ. ನಾನು ಕೇಳಿದ್ದು ಹೆಸರೊಂದನ್ನೇ. ಮಾತಾಡುವಾಗ ಅವರು ನನ್ನ ಕೈಯನ್ನು ತಮ್ಮ ಎರಡೂ ಬರಿಗೈಯಲ್ಲಿ ಹಿಡಿದುಕೊಂಡಿದ್ದರು. ಯಾವಾಗ ಎದ್ದು ಕೈ ತೊಳೆದುಕೊಳ್ಳುತ್ತಾರೆ ಅಂತ ಕಾಯುತ್ತಾ ಕೂತಿದ್ದೆ. ತೊಳೆದುಕೊಳ್ಳಲಿಲ್ಲ. ಅದೇ ಕೈಯಲ್ಲಿ ಪೆನ್ನು ಹಿಡಿದು ಬರೆದರು, ಅದೇ ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಮಾತ್ರೆಯ ಡಬ್ಬಿ ಹುಡುಕಿದರು. ಅಷ್ಟು ಹೊತ್ತಿಗೆ ನನಗೆ ಮಾತು ಬಂತು. ಮಕ್ಕಳ ತಲೆ ಮೇಲೆ ಕೈ ಇಟ್ಟಿದ್ದೇನೆ, ಅವಕ್ಕೆಲ್ಲ ಬಂದಿರುತ್ತದಾ ಅಂತ ಕೇಳಿದೆ. ಹಾಗೆ ತಲೆ ಮುಟ್ಟಿದರೆ ಬರುವುದಿಲ್ಲ, ಮನೆಯಲ್ಲಿ ಜೊತೆಗಿರುವವರನ್ನು ಮಾತ್ರ ಕರೆತನ್ನಿ, ಒಂದು ಸಲ ನೋಡಬೇಕು ಅಂದರು.

ಮನೆಗೆ ಬಂದವಳಿಗೆ ಭಾನುವಾರದ ಪಾಠ ನೆನಪಾಯಿತು. ಯೇಸುವನ್ನು ದೂರದಿಂದ ಕೂಗಿ ಕರೆದ ಕುಷ್ಠರೋಗಿಗಳ ಕಥೆಯನ್ನು ನಾನು ಮಕ್ಕಳಿಂದ ನಾಟಕ ಆಡಿಸಿದ್ದೆ. ಹರಿದ ಬಟ್ಟೆ ಸುತ್ತಿಸಿ, ಬಾಗಿಲ ಹೊರಗೆ ನಿಲ್ಲಿಸಿ, ಜೋರಾಗಿ ಕೂಗಿರೋ ಅಂದಿದ್ದೆ. ಕೊನೆಗೆ, ಪಾಪ ಅನ್ನುವುದು ಆತ್ಮದ ಕುಷ್ಠ ಅಂತ ಪಾಠ ಹೇಳಿ ಮುಗಿಸಿದ್ದೆ. ಈಗ ಆ ಮಾತು ತಿರುಗಿ ಬಂದು ನನ್ನ ಎದುರಿಗೇ ಕೂತಿತು. ನನಗೆ ಇದು ಯಾವ ಪಾಪಕ್ಕೆ ಬಂತು?

ಚೌರಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ವಾಸಿಯಾಗ್ತದಂತಾ ಅಂತ ಒಂದೇ ಮಾತು ಕೇಳಿದರು. ಆಗ್ತದಂತೆ ಅಂದೆ. ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ಕೆಲವು ದಿನ ನಾನು ಕುಡಿದ ಲೋಟ ಮುಟ್ಟಲಿಲ್ಲ. ನೋಡಿಯೂ ನೋಡದ ಹಾಗೆ ಇದ್ದೆ. ಆಮೇಲೊಂದು ಬೆಳಿಗ್ಗೆ ನಾನು ಅರ್ಧ ಕುಡಿದಿಟ್ಟ ಕಾಫಿಯನ್ನು ಎತ್ತಿ ಪೂರ್ತಿ ಕುಡಿದು, ಸಕ್ಕರೆ ಕಮ್ಮಿ ಅಂತ ಬೈದು ಲಾರಿಗೆ ಹೋದರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ. ಮರುವಾರ ಅವರೇ ಚನ್ನಪಟ್ಟಣಕ್ಕೆ ಬಂದು ಮೈಯೆಲ್ಲ ತೋರಿಸಿಕೊಂಡರು. ಅವರಿಗೆ ಏನೂ ಇರಲಿಲ್ಲ.

ಶಮೀಮ್ ಬೀ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನೀರಿನಿಂದ ಎಬ್ಬಿಸಿ, ಗೂಡು ಆರಿಸುವ ಒಣ ಕೆಲಸಕ್ಕೆ ಹಾಕಿದರು. ಯಾರಾದರೂ ಕೇಳಿದರೆ ಲೂರ್ದಮ್ಮನ ಕೈಗೆ ನೀರು ಆಗಲ್ಲ ಅಂತ ಅವರೇ ಹೇಳಿಬಿಡುತ್ತಿದ್ದರು. ಮಾತ್ರೆ ಶುರುವಾಯಿತು. ಮೊದಲ ದಿನ ಮೂತ್ರ ಕೆಂಪಗೆ ಹೋದದ್ದು ನೋಡಿ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಹಾಗಾಗುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರಂತೆ, ನನ್ನ ಕಿವಿಗೆ ಬಿದ್ದಿರಲಿಲ್ಲ. ತಿಂಗಳುಗಳು ಕಳೆದಂತೆ ಅದೇ ಮಾತ್ರೆಗೆ ಮುಖ, ಕೈ ಎಲ್ಲ ಕಪ್ಪಗಾದವು. ಏನವ್ವ ಹಿಂಗೆ ಕರ್‍ರಗಾಗ್ಬುಟ್ಟೆ ಅಂತ ಚರ್ಚಿನಲ್ಲಿ ಕೇಳಿದರೆ ಬಿಸಿಲು ಅನ್ನುತ್ತಿದ್ದೆ. ಮಳೆ ಸುರಿಯುತ್ತಿದ್ದರೂ ಬಿಸಿಲು ಅನ್ನುತ್ತಿದ್ದೆ.

ಇನ್ನು ಸ್ಟೆಲ್ಲಾ. ಅವಳಿಗೆ ನಾವು ಹೇಳಲಿಲ್ಲ. ಅದೇ ವರ್ಷ ಬಿಡದಿಯ ಕಡೆ ಎದ್ದ ಹೊಸ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ನೀಲಿ ಅಂಗಿ, ಕಾಲಿಗೆ ಬೂಟು, ಮನೆ ಹತ್ತಿರದ ಸರ್ಕಲ್ಲಿಗೆ ಕಂಪನಿ ಬಸ್ಸು. ಸಣ್ಣ ಸಣ್ಣ ವೈರುಗಳನ್ನು ಬೆರಳಲ್ಲಿ ಪೋಣಿಸುವ ಕೆಲಸ. ನಮ್ಮ ಎರಡೂ ಕಡೆಯ ವಂಶದಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಿದ ಮೊದಲ ಹೆಣ್ಣು ಅವಳು. ತಾಯಿಗೆ ಈ ಕಾಯಿಲೆ ಅಂತ ಗೊತ್ತಾದರೆ ಅಲ್ಲಿ ಅವಳ ಪಕ್ಕ ಯಾರು ಕೂರುತ್ತಾರೆ?

ತಿಂಗಳಿಗೊಮ್ಮೆ ಮಾತ್ರೆಗೆ ಹೋದಾಗ ಡಾಕ್ಟರಮ್ಮ ಮಗಳನ್ನು ಯಾವಾಗ ಕರೆತರುತ್ತೀರಿ ಅಂತ ಕೇಳುತ್ತಿದ್ದರು. ಹೊಸ ಕೆಲಸ, ರಜ ಕೊಡುವುದಿಲ್ಲ ಅಂದೆ. ಮುಂದಿನ ಸಲ ಮಾಗಡಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಅಂದೆ. ಅದರ ಮುಂದಿನ ಸಲ ಕಾರ್ಖಾನೆಯ ಹುಡುಗಿಯರ ಜೊತೆ ಸಾವನದುರ್ಗ ನೋಡಲು ಹೋಗಿದ್ದಾಳೆ ಅಂದೆ. ಡಾಕ್ಟರಮ್ಮ ನನ್ನನ್ನೇ ನೋಡಿದರು. ಮಗಳ ಒಳ್ಳೆಯದಕ್ಕೆ ಅಂತ ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತುತ್ತಿದ್ದೆ.

ನವೆಂಬರಿನ ಒಂದು ಸಂಜೆ ಸ್ಟೆಲ್ಲಾ ಕೆಲಸದಿಂದ ಬಂದು ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಎತ್ತಿ ಕೆಳಗಿಟ್ಟಳು. ಕುದಿಯುತ್ತಿದ್ದ ಪಾತ್ರೆ. ಒಂದು ಉಸ್ಸಪ್ಪ ಸಹ ಇಲ್ಲ. ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಸುಡ್ಲಿಲ್ವೇನೆ ಅಂತ ಕೇಳಿದೆ. ಇಲ್ವಲ್ಲ ಅಂತ ತಟ್ಟೆ ಹಾಕಿಕೊಂಡು ಕೂತಳು.

ಆಮೇಲೆ ನನಗೆ ಊಟ ಸೇರಲಿಲ್ಲ. ಅವಳು ತಲೆ ಬಾಚಿದರೆ ಕೈ ನೋಡುತ್ತಿದ್ದೆ, ಬೂಟು ಬಿಚ್ಚಿದರೆ ಕಾಲು ನೋಡುತ್ತಿದ್ದೆ. ಬಟ್ಟೆ ಬದಲಿಸುವಾಗ ಏನೋ ಹುಡುಕುವವಳ ಹಾಗೆ ಒಳಗೆ ನುಗ್ಗುತ್ತಿದ್ದೆ. ಅವ್ವ, ನಿಂಗೇನಾಗೈತೆ ಅಂತ ರೇಗುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಾಗ ಪೊರಕೆಯ ಕಡ್ಡಿ ಕಿತ್ತು ತಂದು ಅಂಗೈಗೆ ಮುಟ್ಟಿಸಿದೆ. ಬೆರಳು ಮಡಿಸಿಕೊಂಡಳು. ಜೀವ ಬಂತು. ಖಾತ್ರಿ ಮಾಡಿಕೊಳ್ಳೋಣವೆಂದು ರವಿಕೆಯ ಕತ್ತಿನೊಳಗಿಂದ ಬೆನ್ನಿಗೆ ಮುಟ್ಟಿಸಿದೆ. ಅಲುಗಾಡಲಿಲ್ಲ. ಮತ್ತೆ ಮುಟ್ಟಿಸಿದೆ. ಅಲುಗಾಡಲಿಲ್ಲ. ನಿದ್ದೆ ಗಾಢ ಅಂತ ಹೇಳಿಕೊಂಡೆ. ಕಡ್ಡಿಯನ್ನು ಒಲೆಗೆ ಹಾಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಷ್ಟಾದರೂ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ಹೋಗುವುದು ನಮ್ಮ ಪದ್ಧತಿ. ಅದಕ್ಕೆ ಮೊದಲು ಆತ್ಮಪರಿಶೋಧನೆ ಮಾಡಿಕೊಳ್ಳಬೇಕು. ಮಕ್ಕಳಿಗೆ ಅದನ್ನು ಕಲಿಸುತ್ತಿದ್ದವಳು ನಾನೇ. ಸುಳ್ಳು ಹೇಳಿದೆನಾ, ಕದ್ದೆನಾ, ಅಪ್ಪ ಅಮ್ಮನಿಗೆ ಎದುರಾಡಿದೆನಾ ಅಂತ ಒಂದೊಂದೇ ಕೇಳಿಕೊಳ್ಳಿ ಅನ್ನುತ್ತಿದ್ದೆ. ಏನು ಮಾಡಿದೆ ಅಂತ ಕೇಳಿಕೊಳ್ಳುವುದು ಮಕ್ಕಳಿಗೂ ಬರುತ್ತದೆ. ಯಾಕೆ ಮಾಡಿದೆ ಅನ್ನುವ ಪ್ರಶ್ನೆಯನ್ನು ನಾನು ಕಲಿಸಿರಲಿಲ್ಲ, ಕೇಳಿಕೊಂಡೂ ಇರಲಿಲ್ಲ.

ನಮ್ಮ ಫಾದರ್ ರಾಯಪ್ಪನವರು ವಯಸ್ಸಾದವರು, ಮಂಡ್ಯದ ಕಡೆಯವರು, ಮಾತು ಸ್ವಲ್ಪ ಒರಟು. ಪಾಪನಿವೇದನೆಯ ಗೂಡಿನಲ್ಲಿ ಜಾಲರಿಯ ಆಚೆ ಕೂತಿದ್ದ ಅವರಿಗೆ ಎಲ್ಲ ಹೇಳಿದೆ. ಡಾಕ್ಟರಿಗೆ ಹೇಳಿದ ಸುಳ್ಳು ಹೇಳಿದೆ, ಮಗಳ ಹಿತಕ್ಕಾಗಿ ಹೇಳಿದೆ ಅಂತಲೂ ಸೇರಿಸಿದೆ.

"ಅವಳಿಗೂ ಐತೆ ಅಂದ್ಕೊ. ಏನಾಯ್ತದೆ?" ಅಂದರು.

ಅವಳ ಕೆಲಸ ಹೋಗುತ್ತದೆ, ಮದುವೆ ಆಗುವುದಿಲ್ಲ ಅಂದೆ.

"ಅವಳಿಗೇನಾಯ್ತದೆ ಅಂತ ಕೇಳ್ನಿಲ್ಲ. ನಿಂಗೇನಾಯ್ತದೆ, ಅದ್ನ ಹೇಳು."

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಫಾದರ್ ಅವಸರ ಮಾಡಲಿಲ್ಲ. ಕೊನೆಗೆ, ಅವಳಿಗೆ ಇದ್ದರೆ ಅದು ನಾನು ಕೊಟ್ಟದ್ದು ಅಂತಾಗುತ್ತದೆ ಅಂದೆ. ಅವಳು ನನ್ನ ಮುಖ ನೋಡುತ್ತಾಳೆ, ಆ ನೋಟವನ್ನು ನಾನು ತಡೆದುಕೊಳ್ಳಲಾರೆ ಅಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಮಿಕ್ಕದ್ದೂ ತಾನಾಗಿ ಬಂತು. ಅವಳ ಕೆಲಸ, ಮದುವೆ ಎಲ್ಲ ಮೇಲುಹೊದಿಕೆ. ಒಳಗೆ ಇದ್ದವಳು ನಾನೊಬ್ಬಳೇ. ತಣ್ಣೀರಿನ ಬಟ್ಟಲು ಕವುಚಿಟ್ಟಾಗಲೂ ಒಳಗಿದ್ದವಳು ನಾನೇ, ನನ್ನನ್ನು ನೋಡಲಿ ಅಂತ ದೇವರಿಗೆ ಮುಂದಿನ ಸಾಲಿನಲ್ಲಿ ಎಲ್ಲೋ ಒಂದು ಜಾಗ ಕೊಟ್ಟಿದ್ದೆ.

ದೊಡ್ಡ ಪ್ರಾಯಶ್ಚಿತ್ತ ಕೊಡಿ ಅಂತ ಕೇಳಿಕೊಂಡೆ. ಶುಭ ಶುಕ್ರವಾರದ ದಿನ ನಮ್ಮೂರ ಬೆಟ್ಟವನ್ನು ಮೊಣಕಾಲಲ್ಲಿ ಹತ್ತುತ್ತೇನೆ ಅಂದೆ.

"ಬ್ಯಾಡ. ಅದ್ರಲ್ಲಿ ನಿಂಗೆ ಖುಷಿ ಐತೆ," ಅಂದರು ಫಾದರ್. "ಮಗಳಿಗೆ ಹೇಳು. ಆಸ್ಪತ್ರೆಗೆ ಕರ್ಕೊಂಡೋಗು. ಅಷ್ಟೇಯ."

ಬೆಟ್ಟ ಹತ್ತುವುದು ಎಷ್ಟೋ ಸಲೀಸು ಅಂತ ಜಾಲರಿ ಬಿಟ್ಟು ಎದ್ದಾಗಲೇ ಗೊತ್ತಾಯಿತು. ಪಾಪಕ್ಕೆ ಕಾಯಿಲೆ ಬರುತ್ತದಾ ಅಂತಲೂ ಕೇಳಬೇಕೆಂದಿದ್ದೆ, ಆ ಗಡಿಬಿಡಿಯಲ್ಲಿ ಮರೆತೆ. ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲ.

ಅವತ್ತು ಸಂಜೆ ಸ್ಟೆಲ್ಲಾ ಬೂಟು ಬಿಚ್ಚುತ್ತಾ ಹೊಸ್ತಿಲ ಮೇಲೆ ಕೂತಿದ್ದಾಗ ಎದುರಿಗೆ ಕೂತು ಹೇಳಿದೆ. ಕಾಯಿಲೆಯ ಹೆಸರು, ಮಾತ್ರೆ, ಡಾಕ್ಟರಿಗೆ ಹೇಳಿದ ಸುಳ್ಳು, ಪೊರಕೆಕಡ್ಡಿ, ಎಲ್ಲ. ನಿನ್ನ ಒಳ್ಳೆಯದಕ್ಕೆ ಮುಚ್ಚಿಟ್ಟೆ ಅಂತ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ನನಗೋಸ್ಕರ ಮುಚ್ಚಿಟ್ಟೆ ಅಂದೆ.

ಅವಳ ಮುಖದಲ್ಲಿ ನಾನು ಹೆದರಿದ್ದ ಅಸಹ್ಯ ಕಾಣಲಿಲ್ಲ. ಅದಕ್ಕಿಂತ ದೊಡ್ಡದು ಬಂತು.

"ನೀನು ಕಪ್ಪಗಾಗೋದ್ನ ನೋಡ್ಕಂಡು, ನಂಗೆ ಹೇಳ್ದಂಗೆ ಕ್ಯಾನ್ಸರ್ ಬಂದು ಸಾಯ್ತಾ ಇದ್ದೀಯ ಅಂದ್ಕೊಂಡಿದ್ದೆ ನಾನು. ದಿನಾ ಬಸ್ಸಲ್ಲಿ ಅತ್ಕೊಂಡು ಹೋಗ್ತಿದ್ದೆ," ಅಂದಳು. ಆಮೇಲೆ ತನ್ನ ಕೈಯೆರಡನ್ನೂ ನನ್ನ ಮುಂದೆ ಚಾಚಿದಳು. "ಇದು ನನ್ ಕೈ ಅಲ್ವೇನವ್ವ? ನನ್ ಕೈ ವಿಚಾರ ನಂಗೇ ಯಾಕೆ ಹೇಳ್ನಿಲ್ಲ?"

ಎದ್ದು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ರಜ ಹಾಕಿದ್ದೇನೆ, ನಡಿ ಅಂದಳು.

ಅದೇ ಬೆಂಚಿನ ಮೇಲೆ ಕೂತೆವು. ಸುತ್ತ ಮಕ್ಕಳ ಅಳು, ಫಿನಾಯಿಲ್ ವಾಸನೆ. ಸ್ಟೆಲ್ಲಾ ಗೋಡೆಯ ಪೋಸ್ಟರುಗಳನ್ನು ಒಂದೂ ಬಿಡದೆ ಓದುತ್ತಿದ್ದಳು, ಕಾಲು ಮಾತ್ರ ಅಲ್ಲಾಡುತ್ತಲೇ ಇತ್ತು. ಅವಳೂ ಹೆದರಿದ್ದಾಳೆ ಅಂತ ಆಗ ಕಂಡಿತು. ನಾನು ಜಪಸರ ಹಿಡಿದು, ಸ್ವಾಮಿ, ಅವಳಿಗೆ ಇರುವುದನ್ನೂ ನನಗೇ ಕೊಟ್ಟುಬಿಡು ಅಂತ ಬೇಡಿಕೊಳ್ಳತೊಡಗಿದೆ. ಅರ್ಧಕ್ಕೆ ನಿಲ್ಲಿಸಿದೆ. ಮತ್ತೆ ನಾನೇ ಸಂತಳಾಗಲು ಹೊರಟಿದ್ದೆ. ಕಾಪಾಡು ಅನ್ನುವ ಒಂದೇ ಮಾತು ಉಳಿಯಿತು, ಅದನ್ನೇ ಹಿಡಿದುಕೊಂಡೆ.

ಒಳಗೆ ಡಾಕ್ಟರಮ್ಮ ಅವಳ ಕೈ ನೋಡಿದರು, ಕಾಲು ನೋಡಿದರು. ಕಣ್ಣು ಮುಚ್ಚಿಕೊಂಡೇ ಸ್ಟೆಲ್ಲಾ ಮುಟ್ಟಿದಲ್ಲೆಲ್ಲ ಟಕಟಕ ತೋರಿಸಿದಳು. ಬಿಸಿ ಪಾತ್ರೆಯ ಕೈಗೆ ಏನೂ ಆಗಿರಲಿಲ್ಲ. ದಿನವೆಲ್ಲ ವೈರು ಎಳೆದು ಅಂಗೈ ದಡ್ಡುಗಟ್ಟಿತ್ತು, ಅಷ್ಟೇ. ನನಗೆ ಉಸಿರು ಬಂತು. ಆಮೇಲೆ ಬೆನ್ನು ತಿರುಗಿಸಿ ಕೂರಿಸಿದರು. ಹೆಗಲಿನ ಕೆಳಗೆ, ಅವಳಿಗೆ ಯಾವತ್ತೂ ಕಾಣದ ಜಾಗದಲ್ಲಿ, ಒಂದು ಮಾಸಲು ಮಚ್ಚೆ. ಹುಣಿಸೆಬೀಜದಗಲ. ತಾಯಿಯಾಗಿ ಅವಳ ಬೆನ್ನು ಉಜ್ಜಿ ಸ್ನಾನ ಮಾಡಿಸಿ ಎಷ್ಟು ವರ್ಷವಾಗಿತ್ತೋ.

ಡಾಕ್ಟರಮ್ಮ ಮಚ್ಚೆಯ ಪಕ್ಕ ಹತ್ತಿ ಮುಟ್ಟಿಸಿದರು. ಸ್ಟೆಲ್ಲಾ ಹೂಂ ಅಂದಳು. ಮಚ್ಚೆಗಿಂತ ಮೇಲಕ್ಕೆ ಮುಟ್ಟಿಸಿದರು. ಹೂಂ. ಮಚ್ಚೆಯ ನಟ್ಟನಡುವೆ ಮುಟ್ಟಿಸಿದರು. ಸದ್ದಿಲ್ಲ. ಹತ್ತಿ ಅಲ್ಲೇ ಇತ್ತು, ನನ್ನ ಕಣ್ಣೆದುರಿಗೆ ಇತ್ತು. ಅನ್ನೇ, ಹೂಂ ಅನ್ನೇ ಅಂತ ನನ್ನ ಗಂಟಲು ಕೂಗಲು ಎದ್ದಿತು. ಒಂದು ಸಣ್ಣ ಕೆಮ್ಮು ಸಾಕಿತ್ತು, ಅವಳಿಗೆ ಗೊತ್ತಾಗುತ್ತಿತ್ತು, ಹೂಂ ಅನ್ನುತ್ತಿದ್ದಳು, ನಾವು ಮನೆಗೆ ಹೋಗುತ್ತಿದ್ದೆವು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಡಾಕ್ಟರಮ್ಮ ಮತ್ತೊಮ್ಮೆ ಮುಟ್ಟಿಸಿದರು. ನನ್ನ ಮಗಳು ಕಣ್ಣು ಮುಚ್ಚಿಕೊಂಡು, ಇನ್ನೂ ಮುಟ್ಟುತ್ತಾರೆ ಅಂತ ಕಾಯುತ್ತಾ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನಾನು ಸುಮ್ಮನೆ ನಿಂತಿದ್ದೆ.

ಅವಳಿಗೆ ಇತ್ತು. ಶುರುವಿನಲ್ಲೇ ಸಿಕ್ಕಿತು, ನರಕ್ಕೆ ತಾಗಿಲ್ಲ, ಆರು ತಿಂಗಳ ಮಾತ್ರೆ ಸಾಕು ಅಂದರು. ಅವಳು ನನಗಿಂತ ಚೆನ್ನಾಗಿ ಕೇಳಿಸಿಕೊಂಡಳು. ಯಾವ ಹೊತ್ತಿಗೆ ನುಂಗಬೇಕು, ಕಾರ್ಖಾನೆಗೆ ಹೋಗಬಹುದಾ, ಪಕ್ಕದಲ್ಲಿ ಕೂರುವವರಿಗೆ ಏನಾದರೂ ಆಗುತ್ತದಾ ಅಂತ ಕೇಳಿ ತಿಳಿದುಕೊಂಡಳು. ಹೋಗಬಹುದು, ಏನೂ ಆಗುವುದಿಲ್ಲ ಅಂದರು. ಆ ಮಚ್ಚೆ ಈಗ ಹುಡುಕಿದರೂ ಸಿಗುವುದಿಲ್ಲ, ಅವಳ ಎರಡು ಮಕ್ಕಳು ಅದೇ ಬೆನ್ನಿನ ಮೇಲೆ ಕುದುರೆಯಾಟ ಆಡುತ್ತವೆ. ಆದರೆ ಅವತ್ತು ನನಗೆ ಅದೆಲ್ಲ ಗೊತ್ತಿರಲಿಲ್ಲ. ನಾನು ಕೊಟ್ಟದ್ದು ಅನ್ನುವುದೊಂದೇ ಗೊತ್ತಿತ್ತು.

ರಾಮನಗರದ ಬಸ್ಸಿನಲ್ಲಿ ಇಬ್ಬರ ಸೀಟು ಸಿಕ್ಕಿತು. ಸ್ಟೆಲ್ಲಾ ಕಿಟಕಿಯ ಕಡೆ ಕೂತಳು. ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ ಬ್ಯಾಗಿಗೆ ಹಾಕಿಕೊಂಡಳು. ಬಸ್ಸು ಊರು ಬಿಡುವಷ್ಟರಲ್ಲಿ ನನಗೆ ಅಳು ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಹೊರಗೆ ನೋಡುತ್ತಿದ್ದ ಸ್ಟೆಲ್ಲಾ ನನ್ನ ಕಡೆ ತಿರುಗಿದಳು.

"ಯಾರಿಗೋಸ್ಕರ ಅಳ್ತಾ ಇದ್ದೀಯವ್ವ ಈಗ? ನಂಗೋಸ್ಕರವಾ, ನಿಂಗೋಸ್ಕರವಾ?"

ಕುಹಕ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನಿನಗೋಸ್ಕರ ಕಣೆ ಅನ್ನಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು.

"ನಂಗೋಸ್ಕರ," ಅಂದೆ.

"ಸರಿ. ಹಂಗಾದ್ರೆ ಅಳು," ಅಂದಳು. ಎದ್ದು ನನ್ನನ್ನು ಕಿಟಕಿಯ ಕಡೆಗೆ ಸರಿಸಿ, ಜನರಿಗೆ ನನ್ನ ಮುಖ ಕಾಣದ ಹಾಗೆ ಅಡ್ಡ ಕೂತಳು.